ಎಡಗಾಲಿನ ಕಾರು ಲಾರಿ ಹತ್ತಿದ್ದು

ಮೊನ್ನೆ ಮೆಂತ್ಯದ ಡಬ್ಬಿ ಹುಡುಕುತ್ತ ಅಡುಗೆಮನೆಯ ಡ್ರಾಯರಿಗೆ ಕೈ ಹಾಕಿದೆ. ಮೆಂತ್ಯ ಸಿಗಲಿಲ್ಲ, ನಾಲ್ಕಾಗಿ ಮಡಿಸಿದ ಒಂದು ಹಳದಿ ಹಾಳೆ ಸಿಕ್ಕಿತು. ಬಿಡಿಸಿದರೆ ಕಾರಿನ ಚಿತ್ರ. ಒಂದಲ್ಲ, ನಾಲ್ಕು: ಮುಂದಿನಿಂದ, ಹಿಂದಿನಿಂದ, ಎಡದಿಂದ, ಬಲದಿಂದ. ಎರಡನೇ ಕ್ಲಾಸಿನ ಮಗು ಬರೆದಂಥ ಕಾರು, ಅದರ ಮೈತುಂಬ ನೀಲಿ ಪೆನ್ನಿನ ಇಂಟು ಮಾರ್ಕು. ಕಾರು ಸಾಗಿಸುವ ಕಂಪನಿಯವರು ಗಾಡಿಯನ್ನು ಲಾರಿಗೆ ಹತ್ತಿಸುವ ಮುನ್ನ ತುಂಬುವ ಹಾಳೆ ಅದು. ಎಲ್ಲಿ ಗೀರು, ಎಲ್ಲಿ ನೆಗ್ಗು ಅಂತ ಮೊದಲೇ ಗುರುತು ಹಾಕಿ ನಮ್ಮ ಸಹಿ ತಗೊಂಡುಬಿಡುತ್ತಾರೆ. ಆಮೇಲೆ ನಾವು ‘ನೀವೇ ಗೀರಿದ್ದು’ ಅಂತ ತಗಾದೆ ತೆಗೆಯಬಾರದಲ್ಲ. ನಮ್ಮ ಕಾರಿಗೆ ಒಟ್ಟು ಇಪ್ಪತ್ತಾರು ಇಂಟು. ಜಾತಕದಲ್ಲಿ ಇಷ್ಟು ದೋಷ ಇದ್ದಿದ್ದರೆ ಯಾವ ಹುಡುಗಿಗೂ ಮದುವೆ ಆಗುತ್ತಿರಲಿಲ್ಲ.

ಆ ಇಪ್ಪತ್ತಾರೂ ನನಗೆ ಗೊತ್ತು. ಎಡಗಡೆ ಹಿಂದಿನ ಬಾಗಿಲ ಮೇಲಿನ ಉದ್ದನೆ ಗೀರು ಕುಣಿಗಲ್ಲಿನದು. ಅಲ್ಲಿ ನನ್ನ ಹೆಂಡತಿಯ ಅಣ್ಣ ರುದ್ರಣ್ಣ ಇದ್ದಾನೆ. ನನಗಿಂತ ಎರಡೇ ವರ್ಷ ದೊಡ್ಡವನು. ಗೇಟು ಅಗಲ ಮಾಡಿಸು ಮಾರಾಯ ಅಂತ ಹತ್ತು ವರ್ಷದಿಂದ ಹೇಳುತ್ತಿದ್ದೇವೆ. ನೀವೇ ಸಣ್ಣ ಕಾರು ತಗೊಳ್ಳಿ ಅನ್ನುತ್ತಾನೆ. ಹಿಂದಿನ ಬಂಪರಿನ ನೆಗ್ಗು ಯಡಿಯೂರಿನದು. ನಾವು ದರ್ಶನಕ್ಕೆ ಹೋಗಿದ್ದಾಗ ಯಾರೋ ಭಕ್ತರು ಜೀಪಿನಲ್ಲಿ ಗುದ್ದಿ, ತಪ್ಪಾಯಿತು ಅಂತ ವೈಪರಿನ ಅಡಿಯಲ್ಲಿ ಎರಡು ಬಾಳೆಹಣ್ಣು ಸಿಕ್ಕಿಸಿ ಹೋಗಿದ್ದರು. ಹಣ್ಣು ಚೆನ್ನಾಗಿದ್ದವು. ಬಾನೆಟ್ಟಿನ ಮೇಲಿನ ನಾಲ್ಕು ಚುಕ್ಕಿಗಳು ಹುತ್ರಿದುರ್ಗದ ತಪ್ಪಲಿನಲ್ಲಿ ಒಂದು ಮೇಕೆ ಹತ್ತಿ ನಿಂತದ್ದರ ಗುರುತು. ಅದು ಬೆಟ್ಟ ಹತ್ತುವ ಅಭ್ಯಾಸದ ಮೇಕೆ, ಎತ್ತರ ಕಂಡರೆ ಬಿಡುವುದಿಲ್ಲ.

ಮುಂದಿನ ಎರಡು ದೊಡ್ಡ ಇಂಟು ಮಾತ್ರ ನನ್ನವು. ಕಾರು ತಂದ ಹೊಸತರಲ್ಲಿ, ಅದು ಇನ್ನೂ ಎಲ್ಲರ ಕಾರಿನಂತೆಯೇ ಇದ್ದಾಗ, ನನಗೂ ಓಡಿಸುವ ಹುಕಿ ಬಂದಿತ್ತು. ನಮ್ಮೂರು ಗುಬ್ಬಿಯ ಒಂದು ಸ್ಕೂಲ್ ಮೈದಾನಕ್ಕೆ ತಗೊಂಡು ಹೋದೆ. ಅಷ್ಟು ದೊಡ್ಡ ಮೈದಾನದಲ್ಲಿ ಇದ್ದದ್ದು ಎರಡೇ ಕಂಬ, ವಾಲಿಬಾಲ್ ನೆಟ್ ಕಟ್ಟುವುದಕ್ಕೆ. ಎರಡಕ್ಕೂ ಗುದ್ದಿದೆ. ಮೊದಲನೆಯದಕ್ಕೆ ಗುದ್ದಿದ ಗಾಬರಿಯಲ್ಲಿ ಹಿಂದೆ ತೆಗೆದು, ಸುತ್ತಿ ಬಳಸಿ ಎರಡನೆಯದರ ಹತ್ತಿರ ಹೇಗೆ ಬಂದೆ ಎಂಬುದು ನನಗೂ ತಿಳಿಯದು. ನೋಡುತ್ತಿದ್ದ ಪಿ.ಟಿ. ಮೇಷ್ಟ್ರು ಹತ್ತಿರ ಬಂದು, “ಇನ್ನೂ ಕಂಬ ಬೇಕಿದ್ರೆ ನೆಡಿಸ್ತೀನಿ ಬುಡಿ ಸಾರ್” ಅಂದರು. ಅಂದಿನಿಂದ ನಾನು ಎಡಗಡೆ ಸೀಟಿನವನು. ನೀರಿನ ಬಾಟಲಿ ಹಿಡಿದುಕೊಳ್ಳುವುದು, ಟೋಲ್ ಬಂದಾಗ ಎಚ್ಚರವಾಗುವುದು, ‘ಆ ಕಡೆ ಲಾರಿ ಬರ್ತಾ ಇದೆ’ ಎಂದು ಕಂಡದ್ದನ್ನೇ ಹೇಳುವುದು ನನ್ನ ಕೆಲಸ.

ಓಡಿಸುವವಳು ಗಿರಿಜಾ, ನನ್ನ ಹೆಂಡತಿ. ಮೂರು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಅವಳ ಬಲಗಾಲು ಸೋತಿದೆ. ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಬೂಟು ಹಾಕಿ ನಡೆಯುತ್ತಾಳೆ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅಧಿಕಾರಿ. ನಾನು ಮನೆಯಲ್ಲಿ ಕೂತು ಪಠ್ಯಪುಸ್ತಕಗಳ ಕರಡು ತಿದ್ದುವವನು, ಅಂದರೆ ಬೇರೆಯವರ ತಪ್ಪು ಹುಡುಕಿ ಸಂಬಳ ತಗೊಳ್ಳುವವನು. ಸ್ವಂತದ್ದು ಹುಡುಕುವುದಕ್ಕೆ ಯಾರೂ ಕೊಡುವುದಿಲ್ಲವಾದ್ದರಿಂದ ಆ ಕಡೆ ಗಮನ ಕಡಿಮೆ.

ಕಾರು ಬರುವ ಮುಂಚೆ ಅವಳು ಆಟೋದಲ್ಲಿ ಆಫೀಸಿಗೆ ಹೋಗುತ್ತಿದ್ದಳು. ನಾವಿದ್ದ ತುಮಕೂರಿನ ಆಟೋದವರು ಒಳ್ಳೆಯವರೇ, ಆದರೆ ಒಳ್ಳೆಯತನ ಜಾಸ್ತಿ. ಇಳಿಯುವಾಗ ಒಬ್ಬ ರಟ್ಟೆ ಹಿಡಿದರೆ ಇನ್ನೊಬ್ಬ ಬ್ಯಾಗು ಹಿಡಿಯುತ್ತಿದ್ದ. ದಾರಿಯಲ್ಲಿ ಹೋಗುವವರು ಬಂದು “ನಿಧಾನಕ್ಕೆ ಇಳ್ಸಪ್ಪಾ” ಅಂತ ಉಸ್ತುವಾರಿ ಮಾಡುತ್ತಿದ್ದರು. “ನನ್ನನ್ನ ದಿನಾ ಎರಡ್ ಸಲ ಲೋಡು ಅನ್‌ಲೋಡು ಮಾಡ್ತಾರೆ” ಅನ್ನುತ್ತಿದ್ದಳು ಅವಳು. ಅದಕ್ಕೇ ಹಠ ಹಿಡಿದು ಕಾರು ಕಲಿತದ್ದು. ಶಿರಾ ಗೇಟಿನ ಕಡೆಯ ಗ್ಯಾರೇಜಿನ ಬಾಷಾ ಸಾಬರು ಅವಳಿಗೆಂದೇ ನಮ್ಮ ಕಾರನ್ನು ಬದಲಾಯಿಸಿ ಕೊಟ್ಟರು. ಬಲಗಡೆಯ ಆಕ್ಸಿಲರೇಟರ್ ಕಿತ್ತು ಎಡತುದಿಗೆ ತಂದರು. ಅಲ್ಲಿದ್ದ ಕ್ಲಚ್ಚನ್ನು ಮೇಲೆತ್ತಿ ಗೇರಿನ ಕಡ್ಡಿಗೆ ಒಂದು ಹಿಡಿಕೆಯಾಗಿ ಕಟ್ಟಿದರು, ಅದುಮಿದರೆ ಕ್ಲಚ್ಚು. ನಡುವಿನ ಬ್ರೇಕು ಮಾತ್ರ ಇದ್ದಲ್ಲೇ ಉಳಿಯಿತು. ಎಲ್ಲ ಎಡಗಾಲಿಗೆ ಮತ್ತು ಎಡಗೈಗೆ. ಆರ್‌ಟಿಓದವರೂ ಮೂರು ಸಲ ಸುತ್ತಿಸಿ ಮುದ್ರೆ ಒತ್ತಿದರು. ಬೀಗದ ಕೈ ಕೊಡುವಾಗ ಸಾಬರು, “ಮೇಡಂ, ಇನ್ಮೇಲೆ ಈ ಗಾಡೀನ ನೀವೊಬ್ರೇ ಓಡ್ಸೋದು. ಕಳ್ಳ ಬಂದ್ರೂ ವಾಪಸ್ ಇಟ್ಟೋಯ್ತಾನೆ” ಅಂದರು. ಎರಡನೇ ದಿನವೇ ಗಿರಿಜಾ ಒಬ್ಬಳೇ ಕುಣಿಗಲ್ಲಿಗೆ ಹೋಗಿ ಅಣ್ಣನ ಗೇಟಿಗೆ ಉಜ್ಜಿಕೊಂಡು ಬಂದಳು. ಅವತ್ತಿನಷ್ಟು ಖುಷಿಯಾಗಿ ಅವಳು ಮದುವೆ ದಿನವೂ ಇರಲಿಲ್ಲ.

ಮದುವೆಯ ವಿಷಯ ಬಂತಲ್ಲ, ಹೆಣ್ಣು ನೋಡಿದ್ದನ್ನೂ ಹೇಳಿಬಿಡುತ್ತೇನೆ. ನಾವು ಕುಣಿಗಲ್ಲಿನ ಅವರ ಮನೆಗೆ ಹೋದಾಗ ಹುಡುಗಿ ಮೊದಲೇ ಹಜಾರದ ಕುರ್ಚಿಯಲ್ಲಿ ಕೂತಿದ್ದಳು. ಸೀರೆಯ ನೆರಿಗೆ ನೆಲದ ತನಕ ಹರಡಿತ್ತು. ನಡುವೆ ನಿಂತ ದಲ್ಲಾಳಿ ಕಾಲಿನ ಮಾತೇ ಎತ್ತಿರಲಿಲ್ಲ. ಹುಡುಗಿಯನ್ನು ಕೂರಿಸಿಯೇ ತೋರಿಸುವುದು ರುದ್ರಣ್ಣನ ಏರ್ಪಾಡು. ಉಪ್ಪಿಟ್ಟು ತಂದುಕೊಟ್ಟವನೂ ಅವನೇ. ನಾನು ಎರಡು ಚಮಚ ತಿನ್ನುವಷ್ಟರಲ್ಲಿ ಅವಳು, “ನೀರು ಬೇಕಾ?” ಅಂತ ಕೇಳಿದಳು. “ನಾನ್ ತರ್ತೀನಿ, ನೀನ್ ಕೂತ್ಕೊಳವ್ವಾ” ಅಂತ ರುದ್ರಣ್ಣ ಎದ್ದ. ಅವಳು ಅಷ್ಟರಲ್ಲಿ ಎದ್ದಾಗಿತ್ತು. ಟಕ್ ಟಕ್ ಅಂತ ಹಜಾರದ ಈ ಕೊನೆಯಿಂದ ಆ ಕೊನೆಗೆ ನಡೆದು, ಒಳಗೆ ಹೋಗಿ, ಲೋಟ ಹಿಡಿದು ಅಷ್ಟೇ ನಿಧಾನವಾಗಿ ವಾಪಸ್ ಬಂದಳು. ನಮ್ಮಪ್ಪ ಕೆಮ್ಮಿದರು. ನಾನು ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದೆ. ಅದನ್ನು ಎಲ್ಲರೂ ನನ್ನ ದೊಡ್ಡ ಮನಸ್ಸು ಅಂತ ತಿಳಿದುಕೊಂಡಿದ್ದಾರೆ. ಮನಸ್ಸು ಅಲ್ಲೇ ಒಪ್ಪಿತ್ತು ಎನ್ನುವುದೂ ನಿಜ, ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು ಎನ್ನುವುದೂ ನಿಜ.

ಹೀಗಿರುವಾಗ ಅವಳಿಗೆ ಪ್ರಮೋಷನ್ ಬಂತು, ಗುಜರಾತಿನ ವಡೋದರಕ್ಕೆ. ಇನ್ನು ಮೂರು ವಾರದಲ್ಲಿ ಒಂದು ಸೋಮವಾರ ಅಲ್ಲಿ ಹಾಜರಾಗಬೇಕು. ಸುದ್ದಿ ತಿಳಿದ ಮಧ್ಯಾಹ್ನವೇ ರುದ್ರಣ್ಣ ತುಮಕೂರಿಗೆ ಬಂದ. ಅವನ ತಲೆಯಲ್ಲಿ ಎಲ್ಲಕ್ಕೂ ಪರಿಹಾರ ಸಿದ್ಧವಿರುತ್ತದೆ.

“ಕಾರು ಮಾರ್ಬುಡಿ ಭಾವ. ಅಲ್ಲೊಬ್ಬ ಡ್ರೈವರ್ ಇಟ್ಕೊಂಡ್ರೆ ಆಯ್ತು. ಮನೆ ಬಾಗ್ಲಿಂದ ಆಫೀಸ್ ಬಾಗ್ಲಿಗೆ ಬಿಡ್ತಾನೆ, ರಾಣಿ ಇದ್ದಂಗೆ ಇರ್ತಾಳೆ” ಅಂದ.

ಗಿರಿಜಾ ಹುರುಳಿಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಅಣ್ಣ, ರಾಣಿ ಪಾಣಿ ಏನೂ ಬೇಡ. ಕಾರು ಅಲ್ಲಿಗೆ ಬಂದ್ರೆ ನಾನೂ ಹೋಗ್ತೀನಿ. ಬರಲ್ಲ ಅಂದ್ರೆ ಪ್ರಮೋಷನ್ ಬೇಡ ಅಂತ ಬರ್ದುಕೊಟ್ಟು ಇಲ್ಲೇ ಇರ್ತೀನಿ. ಇನ್ನೊಂದ್ಸಲ ಸಾಮಾನಾಗಕ್ಕೆ ನನ್ ಕೈಲಾಗಲ್ಲ” ಅಂದಳು.

ಹೊಸ ಕಾರು ಕೊಂಡು ಮತ್ತೆ ಬದಲಾಯಿಸಿ ಆರ್‌ಟಿಓ ಸುತ್ತುವುದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟು ದೂರ ಅವಳೊಬ್ಬಳೇ ಓಡಿಸಿಕೊಂಡು ಹೋಗುವಂತಿಲ್ಲ, ಬದಲಿಗೆ ನಾನು ಕೂತರೆ ದಾರಿಯುದ್ದಕ್ಕೂ ಕಂಬಗಳಿವೆ. ಅಂತೂ ಕಾರನ್ನು ಸಾಗಿಸುವ ಕಂಪನಿ ಹುಡುಕುವ ಹೊಣೆ ನನ್ನ ಹೆಗಲಿಗೆ ಬಿತ್ತು.

ಮನೆ ಬದಲಾಯಿಸುವುದರಲ್ಲಿ ನಾನು ಅನನುಭವಿಯಲ್ಲ. ನಮ್ಮಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು, ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಗುಬ್ಬಿಯಿಂದ ಸಿ.ಎಸ್. ಪುರಕ್ಕೆ ಹೋದದ್ದು ಟ್ರಾಕ್ಟರಿನಲ್ಲಿ. ಒರಳುಕಲ್ಲು ಕೆಳಗೆ, ಅದರ ಮೇಲೆ ಟ್ರಂಕು, ಅದರ ಮೇಲೆ ಹಾಸಿಗೆ, ಅದರ ಮೇಲೆ ನಾವು. ಅಮ್ಮ ನನ್ನ ತೊಡೆಯ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಇಟ್ಟು, “ಜೀವ ಹೋದ್ರೂ ಬಿಡಬ್ಯಾಡ” ಅಂದಿದ್ದಳು. ಜೀವ ಹೋಗಲಿಲ್ಲ, ಭರಣಿಯನ್ನೂ ಬಿಡಲಿಲ್ಲ, ಆದರೆ ಅದರ ಎಣ್ಣೆ ಅರ್ಧ ನನ್ನ ಚಡ್ಡಿಗೆ ಇಳಿದಿತ್ತು. ಹೊಸ ಸ್ಕೂಲಿನಲ್ಲಿ ವರ್ಷವಿಡೀ ನನ್ನನ್ನು ಉಪ್ಪಿನಕಾಯಿ ಅಂತಲೇ ಕರೆದರು.

ಅಲ್ಲಿ ಮನೆ ಬಾಡಿಗೆಗೆ ಕೇಳುವಾಗ ಅಪ್ಪ ಒಂದು ಉಪಾಯ ಮಾಡಿದ್ದರು. ನಾವು ನಾಲ್ವರು ಮಕ್ಕಳು. ಮಕ್ಕಳು ಜಾಸ್ತಿ ಅಂದರೆ ಮನೆ ಕೊಡುವುದಿಲ್ಲ. ಆದ್ದರಿಂದ ಇಬ್ಬರನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋಗಿ ಮಾತಾಡಿದರು. ಮನೆಯ ಯಜಮಾನರು ಎಷ್ಟು ಮಕ್ಕಳು ಅಂತ ಬಾಯಿಬಿಟ್ಟು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ನನ್ನ ದೊಡ್ಡಕ್ಕ ಒಂದು ವಾರ ಬಿಟ್ಟು ಬಂದಳು, ನನ್ನ ತಮ್ಮ ಇನ್ನೊಂದು ವಾರ ಬಿಟ್ಟು. ಯಜಮಾನರು ಜಗಲಿಯಲ್ಲಿ ಕೂತು ಎಣಿಸುತ್ತಲೇ ಇದ್ದರು. ಕೊನೆಗೆ ಒಂದು ದಿನ, “ಅಲ್ಲಾ ಮೇಷ್ಟ್ರೇ, ಎಲ್ಲರ ಮನೇಲೂ ಒಂಬತ್ ತಿಂಗಳಿಗೆ ಹುಟ್ತವೆ, ನಿಮ್ಮನೇಲಿ ವಾರಕ್ಕೊಂದು ಹುಟ್ತಾವಲ್ಲ” ಅಂದರು. ಕೇಳದೆ ಇದ್ದದ್ದನ್ನು ನಾವಾಗಿ ಹೇಳಬಾರದು ಎಂಬುದು ನಮ್ಮ ವಂಶದ ಕಸುಬು. ಅಪ್ಪ ಅದರಿಂದ ಮೂರು ಊರಲ್ಲಿ ಮನೆ ಹಿಡಿದರು. ನಾನು ಅದರಿಂದ ಏನು ಹಿಡಿದೆ ಎಂಬುದನ್ನೇ ಈಗ ಹೇಳಲು ಹೊರಟಿರುವುದು.

ಕಾರು ಸಾಗಿಸುವ ಕಂಪನಿ ಬೇಕು ಅಂತ ಒಂದು ವೆಬ್‌ಸೈಟಿನಲ್ಲಿ ನನ್ನ ನಂಬರು ಹಾಕಿದೆ ನೋಡಿ, ದೇಶದ ಸಾಗಾಣಿಕೆಯವರೆಲ್ಲ ಅರ್ಧ ಗಂಟೆಯಲ್ಲಿ ನನ್ನ ನೆಂಟರಾದರು. ಸ್ನಾನಕ್ಕೆ ಹೋದರೆ ಫೋನು, ಊಟಕ್ಕೆ ಕೂತರೆ ಫೋನು. “ಓಪನ್ ಬೇಕಾ ಕ್ಲೋಸ್ಡ್ ಬೇಕಾ ಸಾರ್?” ಅಂತ ಎಲ್ಲರದೂ ಒಂದೇ ಪ್ರಶ್ನೆ. ತುಮಕೂರಿನಲ್ಲಿ ಹಾಗೆ ಕೇಳುವುದು ಚರಂಡಿಯ ವಿಷಯಕ್ಕೆ ಮಾತ್ರ. ಲಾರಿಗೆ ಗೋಡೆ ಇರುತ್ತದೋ ಇಲ್ಲವೋ ಎಂಬುದು ಅದರ ಅರ್ಥ ಅಂತ ಆಮೇಲೆ ತಿಳಿಯಿತು. ಒಬ್ಬಳು ಹುಡುಗಿ, “ನಿಮ್ಮ ಕಾರನ್ನ ಮಗು ತರ ನೋಡ್ಕೋತೀವಿ ಸಾರ್” ಅಂದಳು. ನಾವು ಮಗುವಾಗಿದ್ದಾಗ ನಮ್ಮನ್ನು ನೋಡಿಕೊಂಡ ರೀತಿ ನೆನಪಾಗಿ ಅವಳ ಕಂಪನಿಯನ್ನು ಅಲ್ಲಿಗೇ ಬಿಟ್ಟೆ.

ಗಟ್ಟಿಯಾಗಿ ಕಂಡ ಒಂದು ಕಂಪನಿಗೆ ಎಲ್ಲವನ್ನೂ ವಿವರವಾಗಿ ಹೇಳಿದೆ: ಬಲಗಾಲು, ಎಡಗಾಲು, ಬಾಷಾ ಸಾಬರು, ಆರ್‌ಟಿಓ. “ಮಾಡಿಫೈ ಮಾಡಿರೋ ಗಾಡಿಗೆ ಇನ್ಶೂರೆನ್ಸ್ ಕೊಡಲ್ಲ ಸಾರ್, ನಾವು ತಗೊಳಲ್ಲ” ಅಂದರು. ಎರಡನೆಯವರಿಗೂ ಹೇಳಿದೆ. ಕೇಳಿಕೊಂಡು, ಮ್ಯಾನೇಜರ್ ಹತ್ರ ಮಾತಾಡಿ ಹೇಳ್ತೀವಿ ಅಂದವರು ಆಮೇಲೆ ನನ್ನ ಫೋನನ್ನೇ ಎತ್ತಲಿಲ್ಲ. ಎರಡು ವಾರ ಹೀಗೇ ಕಳೆಯಿತು. ಒಂದು ಸಂಜೆ ನೋಡಿದರೆ ಗಿರಿಜಾ ಮೇಜಿನ ಮುಂದೆ ಕೂತು ಬಿಳಿ ಹಾಳೆಯಲ್ಲಿ ಏನೋ ಬರೆಯುತ್ತಿದ್ದಳು. ಪ್ರಮೋಷನ್ ಬೇಡ ಎಂಬ ಅರ್ಜಿ. ತಾರೀಖು ಮಾತ್ರ ಹಾಕಿರಲಿಲ್ಲ.

ಮರುದಿನ ಮೂರನೇ ಕಂಪನಿಯ ಫಾರಂ ತುಂಬಿದೆ. ‘ವಾಹನದಲ್ಲಿ ಬದಲಾವಣೆ ಅಥವಾ ವಿಶೇಷವೇನಾದರೂ ಇದೆಯೇ’ ಎಂಬ ಜಾಗದಲ್ಲಿ ‘ಇಲ್ಲ’ ಎಂದು ಬರೆದೆ. ಅಪ್ಪನಾದರೂ ಕೇಳದ್ದನ್ನು ಹೇಳದೆ ಬಿಟ್ಟವರು, ನಾನು ಕೇಳಿದ್ದಕ್ಕೂ ಹೇಳದೆ ಒಂದು ಹೆಜ್ಜೆ ಮುಂದೆ ಹೋದೆ. ಗಿರಿಜಾಗೆ ‘ಕಂಪನಿ ಒಪ್ಪಿತು’ ಎಂದಷ್ಟೇ ಹೇಳಿದೆ. ಅವಳು ಅರ್ಜಿ ಹರಿದು ಹಾಕಿ ಅವತ್ತು ಹೋಳಿಗೆ ಮಾಡಿದಳು. ನಾಲ್ಕು ತಿಂದೆ. ಐದನೆಯದನ್ನು ತಟ್ಟೆಯಲ್ಲೇ ಬಿಟ್ಟೆ.

ಇದರಿಂದ ತೊಂದರೆ ಏನಾದೀತು ಅಂತ ನಿಮಗೆ ಹೊಳೆದಿರಬಹುದು. ನನಗೆ ಹೊಳೆದಿರಲಿಲ್ಲ. ಕಾರನ್ನು ಲಾರಿಗೆ ಎತ್ತಿ ಇಡುತ್ತಾರೆ ಅಂತಲೇ ನಾನು ತಿಳಿದಿದ್ದೆ. ಗುಬ್ಬಿ ಕಡೆಯವನು, ಕೊಬ್ಬರಿ ಮೂಟೆಯನ್ನು ಹಮಾಲರು ಲಾರಿಗೆ ಎತ್ತಿ ಹಾಕುವುದನ್ನು ಕಂಡವನು. ಕಾರು ಸ್ವಲ್ಪ ಭಾರ, ಕ್ರೇನ್ ಇರುತ್ತದೆ ಅಂದುಕೊಂಡೆ. ಒಬ್ಬ ಮನುಷ್ಯ ಅದರೊಳಗೆ ಕೂತು, ಚಾಲೂ ಮಾಡಿ, ಹಲಗೆಯ ಮೇಲೆ ಓಡಿಸಿಕೊಂಡು ಹತ್ತಿಸುತ್ತಾನೆ ಎಂಬುದು ಕಾರು ಓಡಿಸಲು ಬಾರದವನ ಬುದ್ಧಿಗೆ ಹೇಗೆ ತಿಳಿಯಬೇಕು?

ಕಾರು ಹತ್ತಿಸುವ ದಿನ ಬೆಳಿಗ್ಗೆ ಕ್ಯಾತ್ಸಂದ್ರ ದಾಟಿ ಹೆದ್ದಾರಿ ಪಕ್ಕದ ಖಾಲಿ ಜಾಗಕ್ಕೆ ಹೋದೆವು. ಲಾರಿ ಊರೊಳಗೆ ಬರುವುದಿಲ್ಲ ಅಂದಿದ್ದರು. ಗಿರಿಜಾ ಓಡಿಸಿದಳು, ನಾನು ನೀರಿನ ಬಾಟಲಿ ಹಿಡಿದಿದ್ದೆ, ರುದ್ರಣ್ಣ ಹಿಂದಿನ ಸೀಟಿನಲ್ಲಿ. ಲಾರಿ ಅಂದರೆ ಸಾಮಾನ್ಯದ್ದಲ್ಲ, ಎರಡಂತಸ್ತಿನ ರೈಲುಬೋಗಿ. ಆಗಲೇ ಐದು ಕಾರು ಹತ್ತಿ ಕೂತಿದ್ದವು. ಅದರ ಡ್ರೈವರು ಹರಿಯಾಣದ ದೊಡ್ಡ ಮೀಸೆಯವನು, ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಕಂಪನಿಯ ಪರವಾಗಿ ಹಾಳೆ ತುಂಬಿ ಕಾರು ಹತ್ತಿಸಲು ಬಂದವನು ಮಂಜುನಾಥ, ನೆಲಮಂಗಲದವನು.

ಮಂಜುನಾಥ ಸುತ್ತ ಬಂದು ಇಂಟು ಹಾಕತೊಡಗಿದ. ಪ್ರತಿಯೊಂದಕ್ಕೂ ನಾನು ಕಥೆ ಹೇಳಲು ಹೋದೆ, ಅವನು “ಆಯ್ತು ಸಾರ್, ಆಯ್ತು ಸಾರ್” ಅನ್ನುತ್ತ ಮೇಕೆಯನ್ನು ದಾಟಿ ಮುಂದೆ ಹೋದ. ಡಿಕ್ಕಿ ತೆಗೆದವನು ನಿಂತುಬಿಟ್ಟ. “ಗಾಡಿ ಖಾಲಿ ಇರ್ಬೇಕು ಅಂತ ಹೇಳಿದ್ವಲ್ಲ ಸಾರ್?” ಒಳಗೆ ಒಂದು ಮೂಟೆ ರಾಗಿ, ಇಪ್ಪತ್ತು ತೆಂಗಿನಕಾಯಿ, ಒಂದು ಡಬ್ಬ ಹುಳಿಪುಡಿ.

“ಹೊಸ ಮನೆಗೆ ಹೋಗೋ ಗಾಡೀನ ಬರಿದಾಗಿ ಕಳ್ಸಬಾರ್ದು ಕಣಪ್ಪ” ಅಂದ ರುದ್ರಣ್ಣ.

“ನಮ್ ರೂಲ್ಸು ಅಣ್ಣ.”

“ನಿಮ್ ರೂಲ್ಸಿಗಿಂತ ಹಳೇದು ನಮ್ದು.”

ಕೊನೆಗೆ ರಾಗಿ, ಕಾಯಿ, ಹುಳಿಪುಡಿ ರಸ್ತೆ ಬದಿಗೆ ಇಳಿದವು. ರುದ್ರಣ್ಣ ಸುಮ್ಮನಾಗದೆ ನಮ್ಮ ಕಾರಿನ ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟ. ಆಮೇಲೆ ಲಾರಿಯ ಕಡೆ ತಿರುಗಿ ಅದರ ಚಕ್ರ ಎಣಿಸಿ, ಜೇಬು ಮುಟ್ಟಿ ನೋಡಿಕೊಂಡು, ಅದನ್ನು ದೇವರಿಗೆ ಬಿಟ್ಟ. ಮಂಜುನಾಥ ಬೀಗದ ಕೈ ತಗೊಂಡು ಸೀಟಿನಲ್ಲಿ ಕೂತ.

ಆಗ ನನಗೆ ಜ್ಞಾನೋದಯವಾಯಿತು. ಅವನೇ ಓಡಿಸುತ್ತಾನೆ. “ಒಂದ್ನಿಮಿಷ” ಅಂದೆ. ಅಷ್ಟರಲ್ಲಿ ಅವನು ಬಾಗಿಲು ಹಾಕಿಕೊಂಡಿದ್ದ. ಗಿರಿಜಾ ಅಷ್ಟು ದೂರದಲ್ಲಿ ಲಾರಿಯ ಹಲಗೆ ನೋಡುತ್ತ ನಿಂತಿದ್ದಳು. ಇವರಿಗೆ ಎಲ್ಲ ತಿಳಿಸಿಯೇ ಇದೆ ಎಂಬ ನೆಮ್ಮದಿ ಅವಳಿಗೆ.

ಮಂಜುನಾಥ ಚಾಲೂ ಮಾಡಿ, ಕ್ಲಚ್ಚು ಅಂತ ಎಡಗಾಲು ಒತ್ತಿದ. ಎಂಜಿನ್ ಸಿಡಿಯುವ ಹಾಗೆ ಕಿರುಚಿತು. ಬೆದರಿ ಇನ್ನೂ ಜೋರಾಗಿ ಒತ್ತಿದ. ಅದೇ ಹೊತ್ತಿಗೆ ಗೇರಿನ ಕಡ್ಡಿಯನ್ನು ಹಿಡಿಕೆ ಸಮೇತ ಬಿಗಿಯಾಗಿ ಹಿಡಿದು ಎಳೆದವನು, ಗೇರು ಬಿದ್ದ ತಕ್ಷಣ ಕೈ ಬಿಟ್ಟ. ಕಾರು ಕಟ್ಟು ಬಿಚ್ಚಿದ ಹೋರಿಯ ಹಾಗೆ ನೆಗೆಯಿತು. ನಾಲ್ಕು ನಿಂಬೆಹಣ್ಣೂ ಒಟ್ಟಿಗೆ ಅಪ್ಪಚ್ಚಿಯಾದವು. ರುದ್ರಣ್ಣ ಪಂಚೆ ಎತ್ತಿಕೊಂಡು ರಾಗಿ ಮೂಟೆಯ ಹಿಂದೆ ಬಿದ್ದ. ಮಂಜುನಾಥನ ಬಲಗಾಲು ಹೇಗೋ ಬ್ರೇಕನ್ನು ತಡಕಾಡಿ ಹಿಡಿಯಿತು. ಲಾರಿಗೆ ಒಂದು ಮಾರು ಇರುವಾಗ ಕಾರು ಗಕ್ಕನೆ ನಿಂತು ಆರಿಹೋಯಿತು.

ಅವನು ಇಳಿದು ಬಾಗಿಲು ಧಡ್ ಎಂದು ಹಾಕಿ ಬಂದ. “ಇದೇನ್ ಸಾರ್ ಗಾಡಿ? ಕ್ಲಚ್ಚಿರೋ ಕಡೆ ಆಕ್ಸಿಲರೇಟ್ರು, ಆಕ್ಸಿಲರೇಟ್ರು ಇರೋ ಕಡೆ ಏನೂ ಇಲ್ಲ. ಫಾರಮ್ಮಲ್ಲಿ ಬದಲಾವಣೆ ಇಲ್ಲ ಅಂತ ಬರ್ದಿದೀರಲ್ಲ? ನಾನು ಸತ್ತಿದ್ರೆ?”

ಗಿರಿಜಾ ಟಕ್ ಟಕ್ ಅಂತ ಹತ್ತಿರ ಬಂದಳು. “ಏನಂತ ಬರ್ದಿದಾರೆ?” ಅಂತ ಅವನನ್ನೇ ಕೇಳಿದಳು. ಅವನು ಮೊಬೈಲಿನಲ್ಲಿ ಫಾರಂ ತೋರಿಸಿದ. ಅವಳು ಓದಿದಳು. ಒಂದೇ ಪದ ಇದ್ದದ್ದು, ಆದರೂ ಬಹಳ ಹೊತ್ತು ಓದಿದಳು.

“ಅವರು ತಗೊಳಲ್ಲ ಅಂದ್ಬಿಟ್ರೆ ಅಂತ... ನೀನು ಅರ್ಜಿ ಬರೀತಿದ್ದೆ...” ಅಂತ ಏನೇನೋ ತೊದಲಿದೆ.

“ರೀ” ಅಂದಳು ಗಿರಿಜಾ. ಧ್ವನಿ ಏರಿಸಲಿಲ್ಲ. “ನಮ್ಮಣ್ಣ ಕುರ್ಚಿ ಹಾಕಿ, ಸೀರೆ ಹರಡಿ ಕೂರಿಸ್ದ. ಅವ್ನು ನಮ್ಮಣ್ಣ, ನನಗೆ ಮದ್ವೆ ಆಗಲ್ಲ ಅಂತ ಭಯ ಇತ್ತು. ನಿಮಗೇನಿತ್ತು? ನಾನು ನಿಮ್ಮೆದುರಿಗೆ ಎದ್ದು ನಡೆದು ತೋರಿಸಿ ಮದ್ವೆ ಆದೋಳು. ನನ್ ಕಾಲನ್ನ ನೀವೂ ಮುಚ್ಚಿಡ್ತೀರಾ?”

ಮೂಟೆಯ ಹಿಂದಿನಿಂದ ಎದ್ದ ರುದ್ರಣ್ಣ ಪಂಚೆಯ ಧೂಳನ್ನು ಕೊಡವುತ್ತಲೇ ಇದ್ದ. ನನಗೆ ನಾಚಿಕೆಯಾಯಿತು. ಈಗ ಬರೆಯುವಾಗಲೂ ಆಗುತ್ತಿದೆ.

ಮಂಜುನಾಥ, “ಮೇಡಂ, ನಂಗೆ ಇದು ಓಡ್ಸಕ್ಕೆ ಬರಲ್ಲ. ಬುಕ್ಕಿಂಗ್ ಕ್ಯಾನ್ಸಲ್ ಮಾಡ್ತೀನಿ” ಅಂದ.

“ನಿಮಗೆ ಬರಲ್ಲ, ನನಗೆ ಬರುತ್ತಲ್ಲ. ನಾನ್ ಹತ್ತಿಸ್ತೀನಿ.”

“ಕಸ್ಟಮರ್ಸು ಲಾರಿ ಹತ್ತಂಗಿಲ್ಲ ಮೇಡಂ. ಹಲಗೆ ನೋಡಿ, ಒಂದೂವರೆ ಅಡಿ ಅಗಲ. ಚಕ್ರ ಈಚೆ ಜಾರಿದ್ರೆ ಮುಗೀತು.”

“ಹಾಳೇಲಿ ಬರ್ಕೊಳ್ಳಿ. ಎಡಗಾಲಲ್ಲಿ ಓಡ್ಸೋ ಗಾಡಿ, ಓನರೇ ಹತ್ತಿಸಿದ್ರು, ಓನರೇ ಇಳಿಸ್ತಾರೆ ಅಂತ. ನಾನ್ ಸೈನ್ ಮಾಡ್ತೀನಿ.”

ಮಂಜುನಾಥ ಮೀಸೆಯ ಡ್ರೈವರನ ಮುಖ ನೋಡಿದ. ಆತ ಕಾರಿನ ಕಿಟಕಿಯಿಂದ ಒಳಗೆ ಬಗ್ಗಿ, ಬಾಷಾ ಸಾಬರ ಕೈಕೆಲಸವನ್ನು ಮುಟ್ಟಿ ಮುಟ್ಟಿ ನೋಡಿದ. ಗಿರಿಜಾಳ ಬೂಟು ನೋಡಿದ. ಚಹಾದ ಲೋಟ ಕೆಳಗಿಟ್ಟು, “ಹತ್ತಿಸಲಿ ಬಿಡು, ಗಾಡಿ ಅವರದು” ಎಂದು ಹಿಂದಿಯಲ್ಲಿ ಹೇಳಿ, ತಾನೇ ಹೋಗಿ ಎರಡು ಹಲಗೆಗಳನ್ನು ಕಾಲಿನಿಂದ ಒದ್ದು ನೇರ ಮಾಡಿದ.

ಗಿರಿಜಾ ಸೀಟಿನಲ್ಲಿ ಕೂತಳು. ನಾನು ಅಭ್ಯಾಸಬಲದಿಂದ ಎಡಗಡೆ ಬಾಗಿಲಿಗೆ ಕೈ ಹಾಕಿದೆ. “ನೀವ್ ಬೇಡ” ಅಂದಳು. ಆ ಕಾರಿನಲ್ಲಿ ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ಕಾರು ಹಿಂದೆ ಸರಿದು, ಹಲಗೆಗೆ ಮುಖ ಮಾಡಿ, ಒಂದು ಗಳಿಗೆ ನಿಂತಿತು. ಆಮೇಲೆ ಹೊರಟಿತು. ಮೀಸೆಯವನು ಎದುರು ನಿಂತು ಎರಡು ಬೆರಳಲ್ಲಿ ಎಡ, ಬಲ ತೋರಿಸುತ್ತಿದ್ದ. ಹಲಗೆ ಕಿರುಗುಟ್ಟಿತು. ರುದ್ರಣ್ಣ ಕಣ್ಣು ಮುಚ್ಚಿ ಯಡಿಯೂರಿನ ಸಿದ್ಧಲಿಂಗೇಶ್ವರನನ್ನು ಕರೆಯುತ್ತಿದ್ದ. ನಾನು ಕಣ್ಣು ಮುಚ್ಚಲಿಲ್ಲ. ಅರ್ಧ ಹತ್ತಿದ ಮೇಲೆ ಕಾರು ನಿಂತಿತು, ಒಂದು ಗೇಣು ಹಿಂದೆ ಜಾರಿತು. ಎಂಜಿನ್ ಸ್ವಲ್ಪ ಗಟ್ಟಿಯಾಗಿ ಕೂಗಿತು, ಕಾರು ಮತ್ತೆ ಏರಿತು, ಮೇಲೆ ಹೋಗಿ ಮಟ್ಟಸವಾಗಿ ನಿಂತಿತು. ಹಾಳೆಗೆ ಇಪ್ಪತ್ತೇಳನೇ ಇಂಟು ಬೀಳಲಿಲ್ಲ.

ಮುಗಿಯಿತು ಅಂದುಕೊಂಡೆವು. ಹತ್ತಿಸಿದವಳು ಇಳಿಯಬೇಕಲ್ಲ? ಆ ಕಡಿದಾದ ಹಲಗೆಯ ಮೇಲೆ ಕ್ಯಾಲಿಪರ್ ಬೂಟಿನಲ್ಲಿ ನಡೆಯುವ ಹಾಗಿಲ್ಲ. ಅವಳು ಲಾರಿಯ ಅಂಚಿಗೆ ಬಂದು ನಿಂತಳು. ಕೆಳಗಿಂದ ನಾಲ್ಕು ಗಂಡಸರು ಎಂಟು ಕೈ ಚಾಚಿದೆವು. ರುದ್ರಣ್ಣ, “ಎತ್ಕೊಂಡು ಇಳಿಸ್ತೀನಿ ತಡೀ ಅವ್ವಾ” ಅಂದ. ನಾನು ಎಲ್ಲರಿಗಿಂತ ಮುಂದೆ ನಿಂತಿದ್ದೆ.

“ಎಲ್ರೂ ಈಚೆ ಸರೀರಿ” ಅಂದಳು ಗಿರಿಜಾ. ಚೂಡಿದಾರದ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹಲಗೆಯ ಮೇಲೆ ಕೂತು, ಎರಡು ಕೈ ಊರಿ ಊರಿ ಜಾರಿಕೊಂಡು ಬಂದಳು, ಜಾರುಬಂಡೆಯಲ್ಲಿ ಮಕ್ಕಳು ಬರುವ ಹಾಗೆ. ಗ್ರೀಸು, ಧೂಳು, ಎಲ್ಲ ಬಟ್ಟೆಗೆ ಮೆತ್ತಿತ್ತು. ನೆಲ ಮುಟ್ಟಿ ಎದ್ದು ನಿಂತಾಗ ಮಂಜುನಾಥ ಚಪ್ಪಾಳೆ ಹೊಡೆಯುವುದೋ ಬೇಡವೋ ಅಂತ ಕೈ ಎತ್ತಿ ಹಾಗೇ ಬಿಟ್ಟ. ಅವಳು ಅವನಿಗೆ ನಕ್ಕಳು, ಮೀಸೆಯವನಿಗೆ ಕೈ ಮುಗಿದಳು, ಅಣ್ಣನ ಹೆಗಲ ಮೇಲಿನ ಧೂಳು ಕೊಡವಿದಳು. ನನ್ನನ್ನು ದಾಟಿ ಮುಂದೆ ಹೋದಳು.

ಆಮೇಲೆ ನಾಲ್ಕು ದಿನ ನಾನು ಅಡುಗೆಯ ಉಪ್ಪಿನಷ್ಟೇ ಮಾತು ಕೇಳಿದ್ದು. ರೈಲಿನಲ್ಲಿ ಎದುರು ಸೀಟಿನ ಹೆಂಗಸು, ಪಾಪ, ಪ್ರೀತಿಯಿಂದ ಕಾಲಿಗೇನಾಗಿದೆ ಅಂತ ವಿಚಾರಿಸಿದರು. ಗಿರಿಜಾ ನನ್ನ ಕಡೆ ಬೆರಳು ತೋರಿಸಿ, “ಇವರನ್ನ ಕೇಳಿ, ಇವರು ಏನಂತ ಬರ್ಕೊಂಡಿದಾರೋ” ಅಂದಳು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಅಲ್ಲೂ ಕಂಬಗಳೇ.

ಶನಿವಾರ ವಡೋದರದ ಹೊರಗೆ, ಹೆದ್ದಾರಿಯ ಬದಿಯ ಅಂಗಳಕ್ಕೆ ಲಾರಿ ಬಂತು. ಇನ್ನೆರಡು ದಿನಕ್ಕೆ ಆಫೀಸು. ಕಾರು ಬಿಡಿಸಿಕೊಳ್ಳಲು ಬಂದವರು ಏಳೆಂಟು ಮಂದಿ ನಿಂತಿದ್ದರು. ಅಲ್ಲಿನ ಕಂಪನಿಯ ಮನುಷ್ಯ ಪಟ್ಟಿ ಹಿಡಿದು ನಮ್ಮ ಹೆಸರು ಕೂಗಿ, ಬೀಗದ ಕೈಗೆ ಮೀಸೆಯವನ ಕಡೆ ಕೈ ಚಾಚಿದ. ಮೀಸೆಯವನು ಕೊಡಲಿಲ್ಲ, ನಮ್ಮ ಕಡೆ ತೋರಿಸಿದ. “ಯಾಕೆ, ಗಾಡಿಯಲ್ಲಿ ಏನಾದರೂ ತೊಂದರೆ ಇದೆಯಾ?” ಎಂದು ಕಂಪನಿಯವನು ನನ್ನನ್ನು ಕೇಳಿದ. ಗಿರಿಜಾ ಬಾಯಿ ತೆರೆಯುವುದರೊಳಗೆ ನಾನು ಶುರುಮಾಡಿಬಿಟ್ಟೆ. ನನ್ನ ಹಿಂದಿ ಗುಬ್ಬಿಯದು, ಲಿಂಗ ವಚನ ಕೇಳಬೇಡಿ. ಆದರೆ ಹೆದ್ದಾರಿಯ ಆಚೆ ದಡಕ್ಕೂ ಕೇಳುವಂತೆ ಹೇಳಿದೆ: ಗಾಡಿಗೆ ಏನೂ ತೊಂದರೆ ಇಲ್ಲ, ನನ್ನ ಹೆಂಡತಿಯ ಬಲಗಾಲಿಗೆ ಪೋಲಿಯೋ ಆಗಿದೆ, ಈ ಗಾಡಿ ಅವಳ ಎಡಗಾಲಿಗೆ ಅಂತಲೇ ಮಾಡಿದ್ದು, ಅವಳೊಬ್ಬಳೇ ಓಡಿಸುವುದು, ನನಗೂ ಬರುವುದಿಲ್ಲ, ನಿಮಗೂ ಬರುವುದಿಲ್ಲ, ಅವಳೇ ಹತ್ತಿಸಿದ್ದು, ಅವಳೇ ಇಳಿಸುತ್ತಾಳೆ, ಎಲ್ಲರೂ ಸ್ವಲ್ಪ ಹಿಂದೆ ಸರಿಯಿರಿ.

ಏಳೆಂಟು ಮಂದಿಯೂ ಸರಿದರು. ಮೀಸೆಯವನು ಬೀಗದ ಕೈಯನ್ನು ಗಿರಿಜಾಳಿಗೆ ಕೊಟ್ಟ.

ಅವಳು ನನ್ನ ಕಡೆ ತಿರುಗಿದಳು. “ಇಷ್ಟು ಜೋರಾಗಿ ಕೂಗಿ ಅಂತ ನಾನೇನೂ ಹೇಳಿರ್ಲಿಲ್ಲ” ಅಂದಳು. ಆಮೇಲೆ ಹಲಗೆಯ ಬುಡಕ್ಕೆ ಹೋಗಿ ನಿಂತು, ಮೇಲೆ ನೋಡಿ, ಎಡಗೈ ಹಿಂದೆ ಚಾಚಿದಳು.

“ಬನ್ರೀ, ಕೈ ಕೊಡಿ. ಹತ್ತಬೇಕು.”

ಕೊಟ್ಟೆ. ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡು, ಆ ಒಂದೂವರೆ ಅಡಿಯ ಕಬ್ಬಿಣದ ಮೇಲೆ ಒಂದೊಂದೇ ಹೆಜ್ಜೆ ಹತ್ತಿದೆವು. ಅರ್ಧ ದಾರಿಯಲ್ಲಿ ಗ್ರೀಸು ತುಳಿದು ಜಾರಿದವನು ನಾನು. ಬೀಳದ ಹಾಗೆ ಹಿಡಿದುಕೊಂಡವಳು ಅವಳು.